ಪ್ರತಿಕ್ರಿಯೆ: ತಾವೊರ್ಮಿನಾ ಬದಲು ಮಾರ್ಜಮೇಮಿ

ಸೆಪ್ಟೆಂಬರಿನಲ್ಲಿ ವಯಸ್ಸಾದ, ಸಸ್ಯಾಹಾರಿಗಳಾದ ತಂದೆತಾಯಿಯರೊಂದಿಗೆ ಇಟಲಿಯ ಸಿಸಿಲಿ ದ್ವೀಪದಲ್ಲಿ ತಂಗಲು, ಅಲ್ಲಿನ ಹೆಸರಾಂತ ಪ್ರವಾಸಿ ಪಟ್ಟಣವಾದ ತಾವೊರ್ಮಿನಾಕ್ಕಿಂತ ಶಾಂತವಾದ ಕಡಲೂರು ಯಾವುದೆಂದು ಕೇಳಿದ್ದೀರಿ. ದ್ವೀಪದ ಆಗ್ನೇಯ ತುದಿಯ ಸಮೀಪದಲ್ಲಿರುವ ಮಾರ್ಜಮೇಮಿಯನ್ನು ನಾನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಹಿಂದೆ ಟ್ಯೂನಾ ಮೀನುಗಾರಿಕೆಯನ್ನೇ ನೆಚ್ಚಿ ಬೆಳೆದ ಈ ಪುಟ್ಟ ಊರಿನ ಕಲ್ಲಿನ ಚೌಕವು ಸಮತಟ್ಟಾಗಿದ್ದು, ತಾವೊರ್ಮಿನಾದ ಏರು ದಾರಿಗಳಂತೆ ಹಿರಿಯರ ಮಂಡಿಗೆ ಭಾರವಾಗುವುದಿಲ್ಲ. ಆದರೆ ಆಗಸ್ಟ್ 15ರ ಫೆರ್ರಗೊಸ್ತೊ ರಜೆಯ ಆಸುಪಾಸಿನಲ್ಲಿ ಇಲ್ಲಿಯೂ ವಿಪರೀತ ಜನಸಂದಣಿಯಿರುತ್ತದೆ. ನೀವು ಆರಿಸಿಕೊಂಡ ಸೆಪ್ಟೆಂಬರಿನಲ್ಲಿ, ಅದರಲ್ಲೂ ಎರಡನೆಯ ವಾರದ ನಂತರ, ಗದ್ದಲ ಇಳಿದಿದ್ದರೂ ಸಮುದ್ರದ ನೀರು ಬೆಚ್ಚಗೇ ಉಳಿದಿರುತ್ತದೆ.

ಊಟದ ಬಗ್ಗೆ ಚಿಂತೆ ಬೇಡ. ಬದನೆಕಾಯಿಯ ಪಾಸ್ತಾ ಅಲ್ಲಾ ನೋರ್ಮಾ, ಬದನೆಕಾಯಿ ಮತ್ತಿತರ ತರಕಾರಿಗಳ ಹುಳಿಸಿಹಿ ಪಲ್ಯವಾದ ಕಪೊನಾತಾ, ಪಕ್ಕದ ಪಕೀನೊದ ಹೆಸರಾಂತ ಟೊಮೇಟೊ, ಬಾದಾಮಿಯ ಗ್ರನೀತಾ (ಹರಳುಹರಳಾದ ಹಿಮದ ಸಿಹಿತಿನಿಸು) ಇವೆಲ್ಲ ಈ ಭಾಗದ ದಿನನಿತ್ಯದ ಆಹಾರವೇ. ಕಪೊನಾತಾದಲ್ಲಿ ಕೆಲವೆಡೆ ಮೀನು ಸೇರಿಸುವುದುಂಟು, ಕೇಳಿಕೊಳ್ಳಿ.

ಹತ್ತಿರದ ವೆಂದಿಕಾರಿ ರಕ್ಷಿತ ವನ್ಯಧಾಮದ ಉಪ್ಪುನೀರಿನ ಕೆರೆಗಳಲ್ಲಿ ರಾಜಹಂಸಗಳನ್ನು ನೋಡಲು ಬೆಳಗಿನ ಹೊತ್ತು ಮೀಸಲಿಡಿ. 1693ರ ಭೂಕಂಪದ ನಂತರ ಹೊಸದಾಗಿ ಕಟ್ಟಿದ ನೋತೊ ನಗರಕ್ಕೆ ಒಂದು ಸಂಜೆ ಸಾಕು. ಕತಾನಿಯಾ ವಿಮಾನ ನಿಲ್ದಾಣದಿಂದ ಬಾಡಿಗೆ ಕಾರು ಪಡೆಯುವುದಾದರೆ, ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಭಾರತದಲ್ಲಿಯೇ ಮಾಡಿಸಿಕೊಳ್ಳಿ.