ಮದುವೆಯಾಗದವಳು ಗರ್ಭ ತೆಗೆಸಲು ಸರ್ಕಾರಿ ಆಸ್ಪತ್ರೆಗೆ ಹೋದರೆ ಗಂಡನ ಸಹಿ ಕೇಳ್ತಾರಾ? ಮನೆಗೆ ಗೊತ್ತಾಗುತ್ತಾ?

ಕೇಳಬಹುದು. ಕೇಳಿದರೆಂದು ನೀವು ತಂದುಕೊಡಬೇಕಾಗಿಲ್ಲ. 18 ತುಂಬಿದ ಹೆಣ್ಣುಮಗಳ ಗರ್ಭಪಾತಕ್ಕೆ ಕಾನೂನು ಕೇಳುವುದು ಒಂದೇ ಸಹಿ, ಅದು ಅವಳದು. ಗಂಡ, ಅಪ್ಪ, ಅಣ್ಣ, ಜೊತೆಗಿದ್ದ ಹುಡುಗ, ಯಾರ ಸಹಿಯೂ ಬೇಡ.

ನೀವು ಬರೆದದ್ದು ಇಷ್ಟು: ವಯಸ್ಸು 20, ಊರು ರಾಯಚೂರು ಕಡೆ, ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ, ನಾಲ್ಕು ಜನ ಸೇರಿ ರೂಮು. ಡೇಟ್ ಆಗಬೇಕಾದ ದಿನ ದಾಟಿ ಮೂರು ವಾರ. ಮೆಡಿಕಲ್ ಶಾಪಿನವನು ಎರಡು ಸಾವಿರ ಕೊಟ್ಟರೆ ಮಾತ್ರೆ ಕೊಡ್ತೀನಿ ಅಂದಿದ್ದಾನೆ. ಆಸ್ಪತ್ರೆಗೆ ಹೋದರೆ ಊರಿಗೆ ಫೋನ್ ಮಾಡ್ತಾರೆ ಅಂತ ರೂಮಿನವರು ಹೆದರಿಸಿದ್ದಾರೆ. ರೂಮಿನಲ್ಲಿ 17 ವರ್ಷದವಳೊಬ್ಬಳಿದ್ದಾಳೆ, ಅವಳಿಗೆ ಹೀಗಾದರೆ ಏನು ಗತಿ ಎಂದೂ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚಕಿಯಾಗಿ, ಮೊದಲು ಕಲಬುರಗಿ ಕಡೆಯ ತಾಲ್ಲೂಕಿನಲ್ಲಿ, ಆಮೇಲೆ ಬೆಂಗಳೂರಲ್ಲಿ, ಬಹಳ ವರ್ಷ ಕೆಲಸ ಮಾಡಿದವಳು. ನಿಮ್ಮ ವಯಸ್ಸಿನವರು ಈ ಪ್ರಶ್ನೆ ಹೊತ್ತುಕೊಂಡೇ ನನ್ನ ಎದುರು ಕೂತಿರುತ್ತಿದ್ದರು.

ಮೊದಲು ದಿನದ ಲೆಕ್ಕ ಸರಿಮಾಡಿಕೊಳ್ಳಿ. ನೀವು ಮೂರು ವಾರ ಅನ್ನುತ್ತೀರಿ, ಡಾಕ್ಟರು ಹಾಗೆ ಎಣಿಸುವುದಿಲ್ಲ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸುತ್ತಾರೆ. ನಿಮಗೆ 28 ದಿನಕ್ಕೊಮ್ಮೆ ಸರಿಯಾಗಿ ಆಗುತ್ತದೆ ಅಂದುಕೊಂಡರೆ, ಆ 28ಕ್ಕೆ ದಾಟಿದ 21 ಸೇರಿ 49 ದಿನ, ಅಂದರೆ 7 ವಾರ. ಮಾತ್ರೆಯಿಂದ ಗರ್ಭ ತೆಗೆಯಲು ನಮ್ಮ ನಿಯಮದಲ್ಲಿ ಅವಕಾಶ 9 ವಾರದವರೆಗೆ. ನಿಮ್ಮ ಕೈಯಲ್ಲಿರುವುದು ಎರಡೇ ವಾರ. ಅದು ದಾಟಿದರೆ ದಾರಿ ಮುಚ್ಚಿತು ಅಂತಲ್ಲ, 20 ವಾರದವರೆಗೂ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಆದರೆ ಆಮೇಲೆ ಮಾತ್ರೆ ತಗೊಂಡು ರೂಮಿಗೆ ಬರುವ ಕೆಲಸವಾಗಿ ಉಳಿಯುವುದಿಲ್ಲ. ಕ್ಲೀನ್ ಮಾಡಬೇಕು, ತಿಂಗಳು ಏರಿದಷ್ಟೂ ಆಸ್ಪತ್ರೆಯಲ್ಲಿ ಇರಬೇಕಾದ ಹೊತ್ತು ಏರುತ್ತದೆ, ಮುಚ್ಚಿಡುವುದೂ ಕಷ್ಟವಾಗುತ್ತದೆ. ಸಂಬಳ ಆಗಲಿ, ಹಬ್ಬ ಮುಗಿಯಲಿ ಅಂತ ಕಾಯಬೇಡಿ. ನಾಳೆ ಬೆಳಿಗ್ಗೆ ಮೊದಲ ಮೂತ್ರದಲ್ಲೇ ಕಾರ್ಡ್ ಪರೀಕ್ಷೆ ಮಾಡಿ. ಒಂದೇ ಗೆರೆ ಬಂದರೂ ಡಾಕ್ಟರಿಗೆ ತೋರಿಸಿ, ಮೂರು ವಾರ ತಡವಾಗಲು ಬೇರೆ ಕಾರಣವಿರಬಹುದು.

ಮೆಡಿಕಲ್ ಶಾಪಿನ ಮಾತು. ಅವನು ಕೊಡುವುದೂ ಆಸ್ಪತ್ರೆಯಲ್ಲಿ ಕೊಡುವ ಮಿಫೆಪ್ರಿಸ್ಟೋನ್, ಮಿಸೋಪ್ರೊಸ್ಟಾಲ್ ಮಾತ್ರೆಗಳೇ ಇರಬಹುದು. ಕೆಟ್ಟ ಮಾತ್ರೆಗಳಲ್ಲ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ಕಾರಣಕ್ಕೇ ಆ ಎರಡು ಸಾವಿರ. ನನ್ನ ಭಯ ದುಡ್ಡಿನದ್ದಲ್ಲ. ಗರ್ಭ ಕೆಲವೊಮ್ಮೆ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರುತ್ತದೆ. ಈ ಮಾತ್ರೆ ಅದಕ್ಕೆ ಕೆಲಸ ಮಾಡುವುದಿಲ್ಲ, ಆದರೆ ರಕ್ತ ಹೋಗಬಹುದು, ಹುಡುಗಿ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾಳೆ. ಆಮೇಲೆ ನಾಳ ಒಡೆದರೆ ಜೀವಕ್ಕೇ ಅಪಾಯ. ಸ್ಕ್ಯಾನಿಂಗ್ ಮಾಡಿದರೆ ತಿಳಿಯುವ ಸಂಗತಿ ಅಂಗಡಿಯ ಕೌಂಟರಿನಲ್ಲಿ ತಿಳಿಯುವುದಿಲ್ಲ. ಈಗಲೇ ಕೆಳಹೊಟ್ಟೆಯ ಒಂದು ಬದಿ ಜೋರಾಗಿ ನೋಯುತ್ತಿದ್ದರೆ, ತಲೆಸುತ್ತಿ ಬೀಳುವಂತಾದರೆ, ಭುಜದ ತುದಿ ನೋಯುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಈಗ ಸಹಿಯ ವಿಚಾರ. 1971ರ ಗರ್ಭಪಾತ ಕಾನೂನಿಗೆ 2021ರಲ್ಲಿ ತಿದ್ದುಪಡಿಯಾಯಿತು. ಅದಕ್ಕೂ ಮುಂಚೆ, ಮುನ್ನೆಚ್ಚರಿಕೆ ವಿಫಲವಾಗಿ ಗರ್ಭ ನಿಂತರೆ ಎಂಬ ಜಾಗದಲ್ಲಿ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ ಎಂದಿತ್ತು. ಈಗ ಅಲ್ಲಿರುವುದು ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ. ಮರುವರ್ಷವೇ ಇದು ಸುಪ್ರೀಂ ಕೋರ್ಟ್ ಮುಂದೆ ಬಂತು. ಮಣಿಪುರದಿಂದ ಬಂದು ದೆಹಲಿಯಲ್ಲಿದ್ದ 25 ವರ್ಷದ ಹೆಣ್ಣುಮಗಳು, ಜೊತೆಗಿದ್ದವನು ಮದುವೆಗೆ ಒಲ್ಲೆ ಅಂದಿದ್ದ, ಗರ್ಭ 20 ವಾರ ದಾಟಿತ್ತು, ಹೈಕೋರ್ಟ್ ಅವಕಾಶ ಕೊಟ್ಟಿರಲಿಲ್ಲ. ಸುಪ್ರೀಂ ಕೋರ್ಟ್ ಕೊಟ್ಟಿತು. 2022ರ ಸೆಪ್ಟೆಂಬರ್ 29ರ ತೀರ್ಪು, ಈ ಕಾನೂನಿನಲ್ಲಿ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದು ಅಂದಿತು. ಮನೆಯವರ ಒಪ್ಪಿಗೆ, ಇಲ್ಲದ ದಾಖಲೆ ಅಂತ ಕಾನೂನಿನಲ್ಲಿಲ್ಲದ ಷರತ್ತುಗಳನ್ನು ಡಾಕ್ಟರುಗಳು ಹಾಕಬಾರದು ಎಂದೂ ಹೇಳಿತು. ನಿಮ್ಮ ಹಾಗೆಯೇ ದುಡಿಯಲು, ಬದುಕಲು ಊರು ಬಿಟ್ಟು ಬಂದವರಿಗೆ ಈ ತೀರ್ಪು ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

ಆದರೆ ತೀರ್ಪು ಓಪಿಡಿ ಸಾಲಿನವರೆಗೆ ಬಂದಿಲ್ಲ. ಅಲ್ಲಿ ನಡೆಯುವುದು ಹೀಗೆ: ಹಿಂದೆ ಆರು ಜನ ನಿಂತಿರುತ್ತಾರೆ, ಚೀಟಿ ಬರೆಯುವವರು ತಲೆ ಎತ್ತದೆ ಎಲ್ಲರಿಗೂ ಕೇಳುವಂತೆ ‘ಮದುವೆ ಆಗಿದೆಯಾ? ಗಂಡನ ಹೆಸರು?’ ಅನ್ನುತ್ತಾರೆ. ಇದಕ್ಕೆ ಹೆದರಿ ರೂಮಿನವಳ ಕಾಲುಂಗುರ ಹಾಕಿಕೊಂಡು ಬರುವವರಿದ್ದಾರೆ. ಒಬ್ಬ ಹುಡುಗಿ ಮೊದಲ ದಿನ ಬಾಯಿಗೆ ಬಂದ ಹೆಸರೊಂದನ್ನು ಗಂಡನದೆಂದು ಬರೆಸಿದ್ದಳು. ಸ್ಕ್ಯಾನಿಂಗಿಗೆ ಬಂದ ದಿನ ಅದು ನೆನಪಾಗದೆ ಇನ್ನೊಂದು ಹೆಸರು ಹೇಳಿದಳು. ಸಿಸ್ಟರ್ ಎರಡು ಚೀಟಿ ಪಕ್ಕ ಪಕ್ಕ ಹಿಡಿದು ಜೋರು ಮಾಡಿದರು. ನಾನು ನನ್ನ ಕೋಣೆಯಿಂದ ಎದ್ದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮತ್ತೆ ಬಂದದ್ದು ಹೊಟ್ಟೆ ಕಾಣಿಸತೊಡಗಿದ ಮೇಲೆ. ಅವಳ ತಪ್ಪು ಅಂತ ಒಂದು ಕ್ಷಣವೂ ನನಗನ್ನಿಸಿಲ್ಲ. ಆ ಪ್ರಶ್ನೆಯನ್ನು ಆ ಜಾಗದಲ್ಲಿ ಹಾಗೆ ಕೇಳಬಾರದಿತ್ತು.

ಅದಕ್ಕೆ ನೀವು ಸುಳ್ಳು ಹೆಸರು ಕಟ್ಟಬೇಡಿ. ‘ಮದುವೆ ಆಗಿಲ್ಲ, 20 ವರ್ಷ, ಡಾಕ್ಟರ ಹತ್ತಿರ ಮಾತಾಡ್ತೀನಿ’ ಅಂತಷ್ಟೇ ಹೇಳಿ. ಒಳಗೆ ಹೋದ ಮೇಲೆ ಒಪ್ಪಿಗೆಯ ಕಾಗದ ಕೊಡುತ್ತಾರೆ, ಅದರ ಹೆಸರು ‘ಫಾರಂ ಸಿ’. ಅದರಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಯಾರಾದರೂ ಹಟ ಹಿಡಿದರೆ ಫಾರಂ ಸಿ ತೋರಿಸಿ ಅನ್ನಿ, ಅಥವಾ ಸ್ತ್ರೀರೋಗ ವಿಭಾಗದ ಹಿರಿಯ ಡಾಕ್ಟರನ್ನೇ ಕೇಳಿ. ವಯಸ್ಸಿಗೆ ಒಂದು ಗುರುತಿನ ಚೀಟಿ ಜೊತೆಗಿರಲಿ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಇದಕ್ಕೆ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಗೆ ಇದಕ್ಕಾಗಿ ಪ್ರತ್ಯೇಕ ಅನುಮತಿ ಬೇಡ, ಖಾಸಗಿಯವರಿಗೆ ಬೇಕು. ಆ ಪ್ರಮಾಣಪತ್ರ ಕಣ್ಣಿಗೆ ಕಾಣುವಂತೆ ತೂಗುಹಾಕಿರಬೇಕು. ನಿಮಗೆ ಪೀಣ್ಯದಿಂದ ಮಲ್ಲೇಶ್ವರದ ಕೆ.ಸಿ. ಜನರಲ್ ಹತ್ತಿರ.

ಮನೆಗೆ ಗೊತ್ತಾಗುತ್ತಾ? ನಿಯಮದ ಪ್ರಕಾರ ನಿಮ್ಮ ಹೆಸರು ಇರಬೇಕಾದದ್ದು ಅಡ್ಮಿಷನ್ ರಿಜಿಸ್ಟರಿನಲ್ಲಿ ಮಾತ್ರ. ಅದು ಗೋಪ್ಯ ದಾಖಲೆ. ಕೇಸ್ ಶೀಟಿನಲ್ಲಿ, ಮತ್ತೆ ತೋರಿಸಲು ಕೊಡುವ ಕಾರ್ಡಿನಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಬರೆಯಬೇಕು. ಗುಟ್ಟು ಬಿಟ್ಟುಕೊಟ್ಟ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು ಅಂತ 2021ರ ತಿದ್ದುಪಡಿಯಲ್ಲೇ ಇದೆ. ಹುಡುಗಿಯರು ಸಿಕ್ಕಿಬೀಳುವುದು ಹೆಚ್ಚಾಗಿ ಬೇರೆ ಕಡೆ: ಆಧಾರ್‌ಗೆ ಜೋಡಿಸಿದ್ದು ಅಂತ ಅಣ್ಣನ ಫೋನ್ ನಂಬರನ್ನೇ ಚೀಟಿಯಲ್ಲಿ ಬರೆಸಿಬಿಡುತ್ತಾರೆ. ನಿಮ್ಮ ಕೈಯಲ್ಲಿರುವ ನಂಬರನ್ನೇ ಕೊಡಿ.

ಇಷ್ಟೆಲ್ಲ ಕಾನೂನಿದ್ದೂ ಯಾಕೆ ಹೀಗೆ ಅಂದರೆ, ನಮ್ಮ ಆರೋಗ್ಯ ಇಲಾಖೆಯ ಕುಟುಂಬ ಯೋಜನೆ ಪೂರ್ತಿ ಅರ್ಹ ದಂಪತಿ ರಿಜಿಸ್ಟರಿನ ಮೇಲೆ, ಅಂದರೆ ಮಕ್ಕಳಾಗುವ ವಯಸ್ಸಿನ ಮದುವೆಯಾದವರ ಪಟ್ಟಿಯ ಮೇಲೆ ನಡೆಯುತ್ತದೆ. ಆಶಾ ಕಾರ್ಯಕರ್ತೆ ಬಾಗಿಲು ತಟ್ಟುವುದು ಆ ಪಟ್ಟಿಯಲ್ಲಿರುವ ಮನೆಗೆ. ಹಳ್ಳಿಯಿಂದ ಬಂದು ನಾಲ್ವರು ಸೇರಿ ರೂಮು ಹಿಡಿದ ಹುಡುಗಿಯರು ಯಾವ ಪಟ್ಟಿಯಲ್ಲೂ ಇಲ್ಲ. 10ರಿಂದ 19 ವರ್ಷದವರಿಗೆಂದು ‘ಸ್ನೇಹಾ ಕ್ಲಿನಿಕ್’ ಇದೆ, ಒಳ್ಳೆಯ ಯೋಜನೆ, ಆದರೆ ಹಗಲು ಹೊತ್ತಿನಲ್ಲಿ. ಗಾರ್ಮೆಂಟ್ಸ್ ಹುಡುಗಿಯರು ಆಗ ಮಷಿನ್ ಮುಂದೆ ಇರುತ್ತಾರೆ. ಮೂತ್ರಕ್ಕೆ ಹೋಗಲೂ ಸೂಪರ್‌ವೈಸರ್ ಮುಖ ನೋಡಬೇಕಾದ ಕಡೆ, ಬಿಳಿಸೆರಗು ಅಂತ ಅರ್ಧ ದಿನ ರಜೆ ಕೇಳುವವರು ಯಾರು? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ರಜೆ ಅಂದದ್ದಕ್ಕೆ ಒಂದು ಮಾತು. ಎರಡನೇ ಬಗೆಯ ಮಾತ್ರೆ ಮೊದಲನೆಯದಾದ 24ರಿಂದ 48 ಗಂಟೆಗೆ. ಹೊಟ್ಟೆನೋವು, ರಕ್ತಸ್ರಾವ ಜೋರಿರುವುದು ಆಗಲೇ. ಮೊದಲ ಮಾತ್ರೆ ಶುಕ್ರವಾರ ಸಿಕ್ಕರೆ ಆ ದಿನ ಭಾನುವಾರಕ್ಕೆ ಬರುವಂತೆ ಮಾಡಬಹುದು, ಡಾಕ್ಟರ ಹತ್ತಿರ ಹಾಗೆ ಕೇಳಿ ನೋಡಿ. ಒಂಟಿಯಾಗಿರಬೇಡಿ, ರೂಮಿನವರಲ್ಲಿ ಒಬ್ಬಳಿಗಾದರೂ ಹೇಳಿ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು ಎರಡು ಗಂಟೆ ಹಾಗೇ ಮುಂದುವರಿದರೆ, ಜ್ವರ ಬಂದು ಒಂದು ದಿನವಾದರೂ ಇಳಿಯದಿದ್ದರೆ, ಕೆಟ್ಟ ವಾಸನೆ ಬಂದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ. ರಕ್ತವೇ ಹೋಗದಿದ್ದರೂ ಸುಮ್ಮನಿರಬೇಡಿ, ಡಾಕ್ಟರಿಗೆ ತಿಳಿಸಿ.

17 ವರ್ಷದವಳ ವಿಚಾರ ಬೇರೆ. ಅವಳಿಗೆ ಪೋಷಕರ ಸಹಿ ಬೇಕು. 18 ತುಂಬದವರನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾನೂನಿನಂತೆ ಡಾಕ್ಟರು ಪೊಲೀಸರಿಗೆ ಮಾಹಿತಿ ಕೊಡಲೇಬೇಕು, ಹುಡುಗನೊಂದಿಗೆ ಇಷ್ಟಪಟ್ಟೇ ಇದ್ದರೂ ಸರಿ. ಆದರೆ ಅದೇ 2022ರ ತೀರ್ಪಿನಲ್ಲಿ ಒಂದು ರಕ್ಷಣೆ ಇದೆ: ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಾಗಿಲ್ಲ. ಪೊಲೀಸರ ಭಯಕ್ಕೆ ಅಂಗಡಿ ಮಾತ್ರೆ ನುಂಗುವವರು ಈ ವಯಸ್ಸಿನವರೇ ಜಾಸ್ತಿ, ಆದ್ದರಿಂದ ಅವಳಿಗೆ ಇದನ್ನು ಈಗಲೇ ಹೇಳಿಡಿ.

ಕೊನೆಗೆ, ತಂಗಿ, ಗರ್ಭ ಹೋದ ಎರಡು ವಾರದೊಳಗೇ ಮತ್ತೆ ನಿಲ್ಲುವ ಸಾಧ್ಯತೆ ಇದೆ. ಅದಕ್ಕೆ ಆಸ್ಪತ್ರೆಯಲ್ಲಿರುವಾಗಲೇ ಮುಂದಿನ ಉಪಾಯ ಕೇಳಿ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ, ಗರ್ಭಕೋಶದೊಳಗೆ ಹಾಕುವ ವಂಕಿ, ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ರೋಗ ಅಂಟದಂತೆ ತಡೆಯುವುದು ಮಾತ್ರ ನಿರೋಧ್ ಒಂದೇ, ಅದನ್ನು ಹುಡುಗನಿಗೂ ಹೇಳಿ. 15ನೇ ದಿನ ಮತ್ತೆ ಬರಲು ಹೇಳುತ್ತಾರೆ, ಆರಾಮ ಇದ್ದೀನಿ ಅಂತ ತಪ್ಪಿಸಬೇಡಿ: ಗರ್ಭ ಪೂರ್ತಿ ಹೋಗಿದೆಯಾ ಅಂತ ಅಂದು ನೋಡುತ್ತಾರೆ.