ಬೇರೆಯಾದ ಮೇಲೆ ಮಗುವಿನ ಖರ್ಚಿಗೆ ಜಂಟಿ ಖಾತೆ ತೆರೆಯಬಹುದೇ?

ನೀವು ಕೇಳಿರುವುದು ಇಷ್ಟು: ಗಂಡನಿಂದ ಬೇರೆಯಾಗಿ ಒಂದೂವರೆ ವರ್ಷ ಆಯಿತು, 3ನೇ ಕ್ಲಾಸಿನ ಮಗಳು ನಿಮ್ಮ ಜೊತೆ ಬೆಂಗಳೂರಿನಲ್ಲಿದ್ದಾಳೆ, ಖರ್ಚು ಅರ್ಧರ್ಧ ಅಂತ ಮಾತಾಗಿದೆ, ಆದರೂ ತಿಂಗಳು ಬಂತೆಂದರೆ ವಾಟ್ಸಾಪಿನಲ್ಲಿ ಜಗಳ. ಜಂಟಿ ಖಾತೆ ತೆರೆದರೆ ಸರಿಹೋಗುತ್ತದೆಯೇ?

ಜಂಟಿ ಖಾತೆ ಬೇಡ. 'ಈದರ್ ಆರ್ ಸರ್ವೈವರ್' ಎಂದು ತೆರೆದರೆ ಇಬ್ಬರಲ್ಲಿ ಯಾರು ಬೇಕಾದರೂ ಪೂರ್ತಿ ದುಡ್ಡು ತೆಗೆಯಬಹುದು, ಬ್ಯಾಂಕು ಕೇಳುವುದಿಲ್ಲ. 'ಜಾಯಿಂಟ್ಲಿ' ಎಂದು ತೆರೆದರೆ ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಬೇಕು. ವ್ಯಾನಿನವನಿಗೆ 2,500 ಕೊಡಲು ಬೇರೆಯಾದ ಗಂಡನ ಸಹಿಗೆ ಕಾಯುತ್ತೀರಾ? ಮಗಳ ಹೆಸರಿನ ಮೈನರ್ ಖಾತೆಯನ್ನೂ ಇದಕ್ಕೆ ಬಳಸಬೇಡಿ. ಅಲ್ಲಿರುವುದು ಅವಳ ದುಡ್ಡು, ಅಜ್ಜಿ ಕೊಟ್ಟ ಹಬ್ಬದ ಕಾಣಿಕೆಗೆ ಅದು ಸರಿ.

ನಿಮ್ಮ ಹೆಸರಿನಲ್ಲೇ ಹೊಸದೊಂದು ಉಳಿತಾಯ (ಎಸ್‌ಬಿ) ಖಾತೆ ತೆರೆಯಿರಿ. ಅದಕ್ಕೆ ಸಂಬಳ ಬರಬಾರದು, ಅದರಿಂದ ನಿಮ್ಮ ತರಕಾರಿ ಬಿಲ್ಲು ಹೋಗಬಾರದು. ಪ್ರತಿ ತಿಂಗಳು 5ನೇ ತಾರೀಕು ಇಬ್ಬರೂ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ (ಬ್ಯಾಂಕೇ ತಾನಾಗಿ ದುಡ್ಡು ಕಳಿಸುವ ಸೂಚನೆ) ಮೂಲಕ ಹಾಕಬೇಕು. ಇಬ್ಬರೂ ಅಂದರೆ ನೀವೂ. 'ನಾನು ಹೇಗೂ ಖರ್ಚು ಮಾಡ್ತೀನಲ್ಲ' ಎಂದು ನಿಮ್ಮ ಪಾಲು ಹಾಕದಿದ್ದರೆ ಲೆಕ್ಕ ಅಲ್ಲೇ ಕೆಟ್ಟಿತು. ತಿಂಗಳ ಕೊನೆಗೆ ಸ್ಟೇಟ್‌ಮೆಂಟಿನ ಪಿಡಿಎಫ್ ಅವರಿಗೆ ಕಳಿಸಿಬಿಡಿ. ವಿವರಣೆ ಬೇಡ, ಪಿಡಿಎಫ್ ಅಷ್ಟೇ.

ಎಷ್ಟು ಹಾಕಬೇಕು ಎನ್ನುವಲ್ಲೇ ಹೆಚ್ಚಿನವರು ಎಡವುವುದು. ಅರ್ಧರ್ಧ ಎನ್ನುವುದು ಕೇಳಲು ಚೆಂದ, ಆದರೆ ಇಬ್ಬರ ಆದಾಯ ಹತ್ತಿರ ಹತ್ತಿರ ಇದ್ದಾಗ ಮಾತ್ರ ನ್ಯಾಯ. ಕೈಗೆ ಬರುವ ಸಂಬಳ ಅವರದು 90,000, ನಿಮ್ಮದು 60,000 ಅಂತಿಟ್ಟುಕೊಳ್ಳಿ. ಪಾಲು 60:40. ಈಗ ವರ್ಷದ ಖರ್ಚು ಬರೆಯಿರಿ: ಸ್ಕೂಲ್ ಫೀಸು 92,000, ಪುಸ್ತಕ-ಯೂನಿಫಾರ್ಮು-ಶೂ 14,000, ಆರೋಗ್ಯ ವಿಮೆಯ ಕಂತು 8,000, ಪ್ರವಾಸ ಮತ್ತು ವಾರ್ಷಿಕೋತ್ಸವದ ಡ್ರೆಸ್ಸು 6,000. ಒಟ್ಟು 1,20,000, ತಿಂಗಳಿಗೆ 10,000. ತಿಂಗಳ ಖರ್ಚು ಬೇರೆ: ವ್ಯಾನು 2,500, ಟ್ಯೂಷನ್ 2,000, ಡಾನ್ಸ್ ಕ್ಲಾಸು 1,500, ಬಟ್ಟೆಬರೆ 1,000. ಅದು 7,000. ಜ್ವರ, ಹಲ್ಲು, ಒಡೆದ ಕನ್ನಡಕಕ್ಕೆಂದು 1,000 ಸೇರಿಸಿ. ಒಟ್ಟು 18,000. ಅವರು 10,800, ನೀವು 7,200. ವ್ಯಾನಿನವರು 10 ತಿಂಗಳದ್ದೇ ತೆಗೆದುಕೊಂಡರೆ ಉಳಿಯುವ 5,000 ಖಾತೆಯಲ್ಲೇ ಇರಲಿ. ವಾಪಸ್ ಹಂಚಿಕೊಳ್ಳಲು ಹೋಗಬೇಡಿ.

ಈ ಲೆಕ್ಕದಲ್ಲಿ ಒಂದು ಗುಂಡಿ ಇದೆ. ಜನವರಿಯಲ್ಲಿ ಶುರು ಮಾಡಿದಿರಿ ಅನ್ನಿ. ಮೇ ಹೊತ್ತಿಗೆ ವರ್ಷದ ಖರ್ಚಿಗೆಂದು ಕೂಡಿರುವುದು 5 ತಿಂಗಳ 50,000. ಆದರೆ ಮಾರ್ಚಿನಲ್ಲಿ ವಿಮೆ 8,000, ಮೇ ಕೊನೆಗೆ ಮೊದಲ ಟರ್ಮಿನ ಫೀಸು 46,000, ಪುಸ್ತಕ-ಯೂನಿಫಾರ್ಮಿಗೆ 14,000, ಒಟ್ಟು 68,000 ಬೇಕು. 18,000 ಕಮ್ಮಿ. ಆಗ ನೀವು ಕ್ರೆಡಿಟ್ ಕಾರ್ಡ್ ಉಜ್ಜುತ್ತೀರಿ, ಅವರು 'ಪ್ರತಿ ತಿಂಗಳು ಹಾಕಿದ ದುಡ್ಡು ಎಲ್ಲಿ ಹೋಯ್ತು' ಎನ್ನುತ್ತಾರೆ, ಎಲ್ಲ ಮೊದಲಿನ ಹಾಗೇ. ಆದ್ದರಿಂದ ಶುರುವಿನಲ್ಲೇ ಒಂದು ತಿಂಗಳ ಕಂತನ್ನು ಇಬ್ಬರೂ ಹೆಚ್ಚಿಗೆ ಹಾಕಿ. ಶುರು ಮಾಡುವ ತಿಂಗಳು ಬೇರೆಯಾದರೆ ಕೊರತೆಯ ಮೊತ್ತವೂ ಬೇರೆ, ನಿಮ್ಮ ಸ್ಕೂಲಿನ ಫೀಸಿನ ತಾರೀಕು ಇಟ್ಟುಕೊಂಡು ಲೆಕ್ಕ ಹಾಕಿ.

ಮಗಳ ಊಟ, ಹಾಲು, ಮನೆ ಬಾಡಿಗೆ, ಕರೆಂಟು ಬಿಲ್ಲು ಈ ಖಾತೆಗೆ ಬರಬಾರದು. ಅರ್ಧ ಲೀಟರ್ ಹಾಲಿನಲ್ಲಿ ಅವಳದೆಷ್ಟು ಎಂದು ಅಳೆಯಲು ಹೊರಟರೆ ಮುಗಿಯುವ ಮಾತಲ್ಲ. ಅದಕ್ಕಿರುವುದು ಜೀವನಾಂಶ: ಒಂದು ನಿಗದಿ ಮೊತ್ತ, ನಿಮ್ಮ ಮಾಮೂಲಿ ಖಾತೆಗೆ. ಕೋರ್ಟು ಆದೇಶ ಮಾಡಿದ್ದರೆ ಅದರಲ್ಲಿ ಕಡಿತ ಮಾಡಿಕೊಳ್ಳಲು ಬಿಡಬೇಡಿ. 'ಸೈಕಲ್ ಕೊಡಿಸಿದ್ದೆ, ಈ ತಿಂಗಳು 6,000 ಕಮ್ಮಿ' ಎನ್ನುವುದಕ್ಕೆ ಒಮ್ಮೆ ಹೂಂ ಅಂದರೆ ಅದೇ ರೂಢಿಯಾಗುತ್ತದೆ. ಸೈಕಲ್ ಉಡುಗೊರೆ, ಅಷ್ಟೇ. ಹಾಗೆಯೇ ನೀವು ಕೇಳದೆ ಸೇರಿಸಿದ ಸ್ವಿಮ್ಮಿಂಗ್ ಕ್ಲಾಸಿನ ಫೀಸು ಅವರ ತಲೆಗೆ ಕಟ್ಟುವ ಹಾಗಿಲ್ಲ. 3,000 ಮೀರಿದ ಯಾವುದೇ ಹೊಸ ಖರ್ಚಿಗೆ ಮೊದಲೇ ಬರಹದಲ್ಲಿ ಒಪ್ಪಿಗೆ ಬೇಕು, ಆಸ್ಪತ್ರೆ ಮಾತ್ರ ಹೊರತು.

ವ್ಯಾನಿಗೂ ಟ್ಯೂಷನ್ನಿಗೂ ನಗದು ಕೊಡಬೇಡಿ, ಯುಪಿಐ ಮಾಡಿ, ಟಿಪ್ಪಣಿಯಲ್ಲಿ 'ಜುಲೈ ವ್ಯಾನ್' ಎಂದು ಬರೆಯಿರಿ. ಔಷಧಿ ಅಂಗಡಿಯ ಬಿಲ್ಲು ಥರ್ಮಲ್ ಕಾಗದದ್ದು, ಕೆಲವು ತಿಂಗಳಲ್ಲಿ ಬೆಳ್ಳಗಾಗಬಹುದು. ಅಂದೇ ಫೋಟೋ ತೆಗೆದಿಡಿ.

ತೆರಿಗೆಯದ್ದೊಂದು ಸಣ್ಣ ವಿಷಯ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ಕೂಲಿನ ಬೋಧನಾ ಶುಲ್ಕದ (ಟ್ಯೂಷನ್ ಫೀ; ಮನೆಪಾಠದ್ದಲ್ಲ) ವಿನಾಯಿತಿ (1.5 ಲಕ್ಷದ ಮಿತಿಯೊಳಗೆ) ಸಿಗುವುದು ಫೀಸು ಕಟ್ಟಿದವರಿಗೆ. ಅವರು ಹಳೆಯ ಪದ್ಧತಿಯಲ್ಲಿದ್ದರೆ ಒಂದು ಟರ್ಮಿನ ಫೀಸನ್ನು ಅವರೇ ನೇರ ಸ್ಕೂಲಿಗೆ ಕಟ್ಟಿ, ಅಷ್ಟು ಮೊತ್ತವನ್ನು ಕಂತಿನಲ್ಲಿ ಕಳೆದುಕೊಳ್ಳಲಿ. ಆದರೆ ಅದನ್ನು ಏಪ್ರಿಲ್‌ನಲ್ಲೇ ಬರೆದು ಮುಗಿಸಿ. ಡೊನೇಷನ್, ಬಸ್ ಫೀಸು ಈ ವಿನಾಯಿತಿಗೆ ಬರುವುದಿಲ್ಲ.

ಇನ್ನು ಕಾಗದ. ಬಾಯಿಮಾತಿನ ಒಪ್ಪಂದವನ್ನು ಜಾರಿ ಮಾಡಿಸುವುದು ಬಲು ಕಷ್ಟ. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಇನ್ನೂ ಹಾಕಿಲ್ಲವಾದರೆ ಪಾಲು, ತಾರೀಕು, ಯಾವುದು ಯಾವ ಖಾತೆಗೆ ಎಂಬುದನ್ನೆಲ್ಲ ಅದರಲ್ಲೇ ಬರೆಸಿ. 'ಶಿಕ್ಷಣದ ಖರ್ಚು ಇಬ್ಬರೂ ಭರಿಸತಕ್ಕದ್ದು' ಎಂಬ ಒಂದು ಸಾಲು ಸಾಕಾಗುವುದಿಲ್ಲ, ಹಾಸ್ಟೆಲ್ ಶಿಕ್ಷಣವೋ ಅಲ್ಲವೋ ಎಂದು ಮುಂದೆ ವಾದ ಹುಟ್ಟುತ್ತದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಸಂಬಳದ ಚೀಟಿ ನೋಡಿ ಪಾಲು ಮರುಲೆಕ್ಕ ಮಾಡಬೇಕೆಂಬ ಸಾಲೂ ಇರಲಿ. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ-ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು, ಆದ್ದರಿಂದ ಆದಾಯ ಮುಚ್ಚಿಡುವ ಆಟ ಮೊದಲಿನಷ್ಟು ಸುಲಭವಿಲ್ಲ. ಜೀವನಾಂಶಕ್ಕೆಂದಿರುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ (2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 144) ಅಡಿ ಆದೇಶವಾಗಿ ಅವರು ಬಾಕಿ ಉಳಿಸಿಕೊಂಡರೆ ವಸೂಲಿ ವಾರಂಟಿಗೆ ಬಾಕಿ ಬಿದ್ದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು. 'ನೋಡೋಣ, ಕೊಡಬಹುದು' ಎಂದು ಕಾಯುತ್ತಾ ಈ ಗಡುವು ಕಳೆದುಕೊಳ್ಳುವವರು ಬಹಳ.

ಅಪ್ಪನ ಮನೆಗೆ ಹೊರಟ ಮಗಳ ಕೈಲಿ ಮಾತ್ರ 'ಶೂಗೆ ದುಡ್ಡು ಇಸ್ಕೊಂಡು ಬಾ' ಅಂತ ಹೇಳಿಕಳಿಸಬೇಡಿ. ಶೂ ದುಡ್ಡು ಆ 14,000ದಲ್ಲಿ ಆಗಲೇ ಇದೆ.