ಬಾಂಬ್ ಬೀಳುವ ಕಾಲದಲ್ಲಿ ಊರಿನ ಕಸ ಎತ್ತಿದವರು ಯಾರು?

ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನ ಸಣ್ಣ ಊರುಗಳ ಆಡಳಿತದ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ವಾರದ ಉತ್ತರ.

ಪ್ರಶ್ನೆ: ಎರಡನೇ ಮಹಾಯುದ್ಧ ಅಂದ ಕೂಡಲೇ ಚರ್ಚಿಲ್, ಲಂಡನ್, ಯುದ್ಧವಿಮಾನ ಇವೇ ಕಣ್ಣ ಮುಂದೆ ಬರುತ್ತವೆ. ನಾನು ಪುರಸಭೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನನ್ನ ಕುತೂಹಲವೇ ಬೇರೆ. ಆ ಆರು ವರ್ಷ ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಕಸ, ಚರಂಡಿ, ಜನನ-ಮರಣದ ದಾಖಲೆ ಇವನ್ನೆಲ್ಲ ನೋಡಿಕೊಂಡವರು ಯಾರು? ಅಥವಾ ಎಲ್ಲಾ ನಿಂತೇ ಹೋಗಿತ್ತಾ?

ಉತ್ತರ: ನಿಲ್ಲಲಿಲ್ಲ ಸರ್. ಹಳೆಯ ಕೆಲಸ ಒಂದೂ ಕಡಿಮೆಯಾಗಲಿಲ್ಲ. ಅದರ ಮೇಲೆ ಹೊಸ ಕೆಲಸ ಬಂದು ಬಿತ್ತು. ಆ ಕಾಲದ ಕೌನ್ಸಿಲ್, ಅಂದರೆ ಅಲ್ಲಿನ ಪುರಸಭೆಯ ನಡಾವಳಿ ಓದಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಸ್ಮಶಾನದ ಗೋಡೆ ರಿಪೇರಿ, ಕಟ್ಟಿಕೊಂಡ ಚರಂಡಿ, ಬಾಕಿ ಇರುವ ಕಂದಾಯ ಒಂದು ಕಡೆ. ಅದೇ ಪುಟದಲ್ಲಿ ಬಾಂಬ್ ಆಶ್ರಯತಾಣದ ಸಿಮೆಂಟ್, ಗ್ಯಾಸ್ ಮಾಸ್ಕ್, ಸತ್ತವರ ಶವ ಇಡಲು ಜಾಗ.

ಈ ಎಲ್ಲ ಕಾಗದವೂ ಬಂದು ಬೀಳುತ್ತಿದ್ದದ್ದು ಟೌನ್ ಕ್ಲರ್ಕ್ ಮೇಜಿನ ಮೇಲೆ. ಹೆಸರಿಗೆ ಕ್ಲರ್ಕ್, ಆದರೆ ಊರಿನ ಮುಖ್ಯಾಧಿಕಾರಿ ಅವರೇ. ಸಾಮಾನ್ಯವಾಗಿ ವಕೀಲಿಕೆ ಓದಿದವರು. ಎಷ್ಟೋ ಊರುಗಳಲ್ಲಿ ಅವರೇ ವಾಯುದಾಳಿ ರಕ್ಷಣೆಯ ಮುಖ್ಯಸ್ಥರೂ ಆದರು, ಪಡಿತರ ಕಚೇರಿಯ ಅಧಿಕಾರಿಯೂ ಆದರು. ಕೈ ಕೆಳಗಿನ ಗಂಡಸರು ಸೈನ್ಯಕ್ಕೆ ಹೋದರು. ಮದುವೆಯಾದ ಹೆಂಗಸರು ಕೆಲಸ ಬಿಡಬೇಕು ಎಂಬ ನಿಯಮ ಅನೇಕ ಕೌನ್ಸಿಲ್‌ಗಳಲ್ಲಿತ್ತು. ಯುದ್ಧ ಬಂದ ಮೇಲೆ ಅದೇ ಹೆಂಗಸರನ್ನು ಮತ್ತೆ ಕರೆಯಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಕೆಲಸ ಯಾವುದು ಅಂತ ಕೇಳಿದರೆ ನನ್ನ ಉತ್ತರ ಒಂದೇ: ಯಾರು ಯಾವ ಮನೆಯಲ್ಲಿದ್ದಾರೆ ಎಂದು ಬರೆದಿಡುವುದು. ಉಳಿದದ್ದೆಲ್ಲ ಅದರ ಮೇಲೆ ನಿಂತಿತ್ತು.

ಯುದ್ಧ ಘೋಷಣೆಯಾದದ್ದು 1939ರ ಸೆಪ್ಟೆಂಬರ್ 3ರಂದು. ಅದೇ ತಿಂಗಳ 29ರಂದು ಇಡೀ ದೇಶದ ಜನರ ನೋಂದಣಿ ನಡೆಯಿತು. ಸುಮಾರು 65 ಸಾವಿರ ಗಣತಿದಾರರು ಮನೆ ಮನೆಗೆ ಹೋದರು. ಹೆಸರು, ಹುಟ್ಟಿದ ದಿನ, ಕೆಲಸ, ಮದುವೆ ಆಗಿದೆಯೋ ಇಲ್ಲವೋ ಇಷ್ಟನ್ನೂ ಬರೆದುಕೊಂಡು ಗುರುತಿನ ಚೀಟಿ ಕೊಟ್ಟರು. ರೇಷನ್ ಪುಸ್ತಕ ಹಂಚಿದ್ದು ಇದೇ ಪಟ್ಟಿ ಹಿಡಿದು.

ರೇಷನ್ ಶುರುವಾದದ್ದು 1940ರ ಜನವರಿ 8ರಂದು. ಮೊದಲಿಗೆ ಬೇಕನ್ (ಉಪ್ಪು ಹಾಕಿದ ಹಂದಿ ಮಾಂಸ), ಬೆಣ್ಣೆ, ಸಕ್ಕರೆ. ಒಬ್ಬರಿಗೆ ವಾರಕ್ಕೆ 4 ಔನ್ಸ್ ಬೆಣ್ಣೆ, ಅಂದರೆ ಸುಮಾರು 113 ಗ್ರಾಂ. ಇದನ್ನು ನೋಡಿಕೊಳ್ಳಲು ಊರೂರಿಗೂ ಆಹಾರ ಸಮಿತಿ ಇತ್ತು. ಅದರಲ್ಲಿ ಅಂಗಡಿಯವರು ಕೆಲವರು, ಕೊಳ್ಳುವ ಜನ ಜಾಸ್ತಿ. ಆ ಕಚೇರಿಯ ಕೌಂಟರ್ ಮುಂದೆ ಸ್ವಲ್ಪ ಹೊತ್ತು ನಿಂತು ನೋಡೋಣ. ಬಸುರಿ ಹೆಂಗಸು ಬಂದರೆ ಹಸಿರು ಪುಸ್ತಕ, ಹಾಲು-ಹಣ್ಣಿಗೆ ಆದ್ಯತೆ. ಐದು ವರ್ಷದೊಳಗಿನ ಮಗುವಿಗೂ ಹಸಿರೇ. ಐದು ದಾಟಿದ ಮಕ್ಕಳಿಗೆ ನೀಲಿ. ದೊಡ್ಡವರಿಗೆ ಮಾಸಲು ಹಳದಿ. ರಜೆಗೆ ಬಂದ ಸೈನಿಕನಿಗೆ ಬೇರೆ ಚೀಟಿ. ಮನೆ ಸುಟ್ಟು ಪುಸ್ತಕವೂ ಹೋಯಿತು ಅಂದವರಿಗೆ ತುರ್ತು ಕಾರ್ಡ್. ಅಪ್ಪ ತೀರಿಕೊಂಡರೆ ಅವರ ರೇಷನ್ ಪುಸ್ತಕ ಅಲ್ಲಿಗೇ ತಂದು ಒಪ್ಪಿಸಬೇಕು. ಹುಟ್ಟು, ಸಾವು, ಮದುವೆ, ಮನೆ ಬದಲಾವಣೆ, ಏನೇ ಆದರೂ ಆ ಕೌಂಟರ್ ದಾಟಿಯೇ ಹೋಗಬೇಕಿತ್ತು. ಕಾಯ್ದೆ ಮಾಡಿದ್ದು ಲಂಡನ್. ಆದರೆ ಜನರ ಮುಖ ನೋಡಿ ಅದನ್ನು ವಿವರಿಸಿದ್ದು, ಬೈಸಿಕೊಂಡಿದ್ದು ಈ ಗುಮಾಸ್ತರು. ಯುದ್ಧದ ಕಥೆಯಲ್ಲಿ ಇವರಿಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ ಅನ್ನುವುದು ನನ್ನ ಕೊರಗು.

ಮಕ್ಕಳ ವಿಷಯ ಇನ್ನೂ ಕಷ್ಟದ್ದು. 1939ರ ಸೆಪ್ಟೆಂಬರ್‌ನ ಮೊದಲ ಮೂರ್ನಾಲ್ಕು ದಿನಗಳಲ್ಲೇ ಸುಮಾರು 15 ಲಕ್ಷ ಜನರನ್ನು ದೊಡ್ಡ ನಗರಗಳಿಂದ ಸಣ್ಣ ಊರುಗಳಿಗೆ ಸಾಗಿಸಿದರು. ಹೆಚ್ಚಿನವರು ಮಕ್ಕಳು. ರೈಲು ಇಳಿದ ಮಕ್ಕಳನ್ನು ಸಭಾಭವನಕ್ಕೆ ಕರೆತಂದು, ಯಾರ ಮನೆಗೆ ಯಾರು ಎಂದು ರಾತ್ರಿಯೊಳಗೆ ತೀರ್ಮಾನ ಮಾಡಬೇಕು. ಇದು ಕೌನ್ಸಿಲ್ ನೇಮಿಸಿದ ವಸತಿ ಅಧಿಕಾರಿಯ ಹೊಣೆ. ಒಂದೇ ಮಗುವನ್ನು ಇಟ್ಟುಕೊಂಡವರಿಗೆ ವಾರಕ್ಕೆ 10 ಶಿಲ್ಲಿಂಗ್ 6 ಪೆನ್ಸ್. ಒಂದಕ್ಕಿಂತ ಜಾಸ್ತಿ ಇದ್ದರೆ ತಲೆಗೆ 8 ಶಿಲ್ಲಿಂಗ್ 6 ಪೆನ್ಸ್. ಬೇಡ ಅಂದವರಿಗೆ ದಂಡ ಹಾಕಿಸುವ ಅಧಿಕಾರವೂ ಇತ್ತು. ಆದರೆ ಊರಲ್ಲಿ ದಿನಾ ಎದುರಾಗುವವರಿಗೆ ದಂಡ ಹಾಕಿಸುವುದು ಸುಲಭವಾ? ಹಾಸಿಗೆ ಒದ್ದೆಯಾಯಿತು, ತಲೆಯಲ್ಲಿ ಹೇನು, ಮಾತು ಕೇಳಲ್ಲ ಅಂತ ದೂರು ಬರುತ್ತಲೇ ಇದ್ದವು. ಶಾಲೆಯಲ್ಲಿ ಜಾಗ ಸಾಲದೆ ಬೆಳಿಗ್ಗೆ ಊರಿನ ಮಕ್ಕಳು, ಮಧ್ಯಾಹ್ನ ಹೊರಗಿನಿಂದ ಬಂದವರು ಅಂತ ಪಾಳಿ ಮಾಡಿದರು. ನಿರೀಕ್ಷಿಸಿದ ಬಾಂಬ್ ದಾಳಿ ಕೂಡಲೇ ಆಗಲಿಲ್ಲ. 1940ರ ಜನವರಿ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಜನ ವಾಪಸ್ ಹೋಗಿದ್ದರು. ದಾಳಿ ಶುರುವಾದಾಗ ಮತ್ತೆ ಬಂದರು. ಪಟ್ಟಿ ಮತ್ತೆ ತಿದ್ದಬೇಕಾಯಿತು.

ಇನ್ನು ನೀವು ಕೇಳಿದ ಕಸ. ಕಸದ ಗಾಡಿಗೆ ಗೌರವ ಬಂದ ಕಾಲ ಅದು. ಕಾಗದ, ಮೂಳೆ, ಲೋಹ, ಬಟ್ಟೆ ಎಲ್ಲಾ ಬೇರೆ ಬೇರೆ. ಅಡುಗೆಮನೆಯ ಕಸ ಹಂದಿ ಸಾಕಣೆಗೆ ಹೋಗುತ್ತಿತ್ತು. 1942ರಿಂದ ಕಾಗದ ಸುಡುವುದು, ಬಿಸಾಡುವುದು ಅಪರಾಧವೇ ಆಯಿತು. ಉದ್ಯಾನ, ಮನೆಗಳ ಮುಂದಿನ ಕಬ್ಬಿಣದ ಬೇಲಿ ಕಿತ್ತುಕೊಂಡು ಹೋದರು. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂದು ಪಟ್ಟಿ ಮಾಡಿದ್ದು ಕೌನ್ಸಿಲ್.

ಬೀದಿ ದೀಪದ ಕಥೆ ದುಃಖದ್ದು. ಯುದ್ಧ ಘೋಷಣೆಗೆ ಎರಡು ದಿನ ಮೊದಲೇ ದೀಪ ಆರಿಸಿದರು. ಪಾದಚಾರಿ ದಾರಿಯ ಅಂಚಿಗೆ, ಮರಗಳಿಗೆ ಬಿಳಿ ಬಣ್ಣ ಬಳಿದರು. ಆದರೂ ಬ್ರಿಟನ್ನಿನ ರಸ್ತೆ ಅಪಘಾತಗಳಲ್ಲಿ ಸತ್ತವರು 1938ರಲ್ಲಿ 6,648 ಇದ್ದದ್ದು 1941ರಲ್ಲಿ 9,169 ಆಯಿತು. ಅದೂ ರಸ್ತೆಯಲ್ಲಿ ಕಾರುಗಳು ಕಡಿಮೆಯಾಗಿದ್ದ ಕಾಲದಲ್ಲಿ.

ಬಾಂಬ್ ಬಿದ್ದಾಗ ಏನಾಗುತ್ತಿತ್ತು? ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ನೋಡಿ. ಹಡಗು ಕಟ್ಟುವ ಊರು. 1941ರ ಮಾರ್ಚ್ 13 ಮತ್ತು 14ರ ರಾತ್ರಿ ದಾಳಿ ಆಯಿತು. ಸುಮಾರು 12 ಸಾವಿರ ಮನೆಗಳಲ್ಲಿ ಪೆಟ್ಟು ತಿನ್ನದೆ ಉಳಿದದ್ದು ಬೆರಳೆಣಿಕೆಯಷ್ಟು. ಐನೂರಕ್ಕೂ ಹೆಚ್ಚು ಜನ ಸತ್ತರು. 35 ಸಾವಿರಕ್ಕೂ ಜಾಸ್ತಿ ಜನ ಮನೆ ಕಳೆದುಕೊಂಡರು. ಬಸ್ಸುಗಳಲ್ಲಿ ಅವರನ್ನು ಹತ್ತಿರದ ವೇಲ್ ಆಫ್ ಲೆವೆನ್‌ನ ಊರುಗಳಿಗೆ ಕಳಿಸಿದರು. ಅಲ್ಲಿನ ಸಭಾಭವನ, ಚರ್ಚು, ಶಾಲೆ ತುಂಬಿದವು. ಹಕ್ಕುದಾರರು ಬಾರದ ಶವಗಳನ್ನು ಡಾಲ್ನಾಟರ್ ಸ್ಮಶಾನದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಇಂಥ ಹೊತ್ತಿನಲ್ಲಿ ಬೇಕಾದದ್ದು ಮತ್ತೆ ಅದೇ ಮಾಹಿತಿ: ಯಾವ ಮನೆಯಲ್ಲಿ ಎಷ್ಟು ಜನ ಇದ್ದರು, ಎಲ್ಲಿ ಮಲಗುತ್ತಿದ್ದರು. ವಾಯುದಾಳಿ ವಾರ್ಡನ್‌ಗಳು ತಮ್ಮ ಬೀದಿಯ ಈ ಲೆಕ್ಕ ಇಟ್ಟುಕೊಂಡಿರುತ್ತಿದ್ದರು. ಮಣ್ಣಿನ ರಾಶಿಯಲ್ಲಿ ಎಲ್ಲಿ ಅಗೆಯಬೇಕು ಎಂದು ಹೇಳುತ್ತಿದ್ದವರು ಅವರೇ.

ಪ್ರಶ್ನೆ: ಯುದ್ಧದ ಕಾಲದಲ್ಲಿ ಕೌನ್ಸಿಲ್ ಚುನಾವಣೆ ನಡೆಯುತ್ತಿತ್ತಾ? ಜನರ ಮಾತಿಗೆ ಬೆಲೆ ಇತ್ತಾ? ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿ.

ಉತ್ತರ: ನಡೆಯಲಿಲ್ಲ. 1939ರಲ್ಲೇ ಕಾಯ್ದೆ ತಂದು ಸ್ಥಳೀಯ ಚುನಾವಣೆ ಮುಂದೂಡಿದರು. ಇಂಗ್ಲೆಂಡಿನ ಬರೋಗಳಲ್ಲಿ, ಅಂದರೆ ಸ್ವಂತ ಕೌನ್ಸಿಲ್ ಇರುವ ಪಟ್ಟಣಗಳಲ್ಲಿ, ಪ್ರತಿ ವರ್ಷ ನವೆಂಬರ್‌ನಲ್ಲಿ ಮೂರನೇ ಒಂದು ಭಾಗ ಸದಸ್ಯರ ಚುನಾವಣೆ ಆಗಬೇಕಿತ್ತು. 1938ರ ನಂತರ ಮತ್ತೆ ಆದದ್ದು 1945ರಲ್ಲಿ. 1936ರಲ್ಲಿ ಮೂರು ವರ್ಷಕ್ಕೆ ಅಂತ ಗೆದ್ದವರು ಒಂಬತ್ತು ವರ್ಷ ಕೂತರು. ಯಾರಾದರೂ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಉಳಿದ ಸದಸ್ಯರೇ ಸೇರಿ ಹೊಸಬರನ್ನು ಆರಿಸಿಕೊಳ್ಳುತ್ತಿದ್ದರು.

ಇದರ ಜೊತೆಗೆ ತುರ್ತು ಸಮಿತಿ ಅಂತ ಒಂದು. ಸಾಮಾನ್ಯವಾಗಿ ಮೂರೇ ಜನ. ವಾಯುದಾಳಿ ರಕ್ಷಣೆಯ ತೀರ್ಮಾನ ಅವರ ಕೈಯಲ್ಲಿ. ಬೇಗ ಕೆಲಸ ಆಗಬೇಕಿತ್ತು, ಒಪ್ಪುತ್ತೇನೆ. ಮತದಾರರ ಪಟ್ಟಿ ಸರಿಯಿರಲಿಲ್ಲ, ಗಂಡಸರು ಊರಲ್ಲಿರಲಿಲ್ಲ, ಅದೂ ನಿಜ. ಆದರೆ ಆಶ್ರಯತಾಣ ಯಾವ ಬೀದಿಗೆ ಮೊದಲು ಅನ್ನುವಂಥ ವಿಷಯದಲ್ಲಿ ತಪ್ಪಾದರೆ ಮತ ಹಾಕಿ ಇಳಿಸುವ ದಾರಿ ಜನರಿಗೆ ಇರಲಿಲ್ಲ. ಅದು ಸಣ್ಣ ನಷ್ಟ ಅಲ್ಲ. ಜನರ ಮಾತು ಪೂರ್ತಿ ಸತ್ತಿರಲಿಲ್ಲ ಅನ್ನುವುದಕ್ಕೆ ಕಾರಣ, ಕೌನ್ಸಿಲ್ ಸಭೆಗಳು ನಿಲ್ಲಲಿಲ್ಲ. ಸದಸ್ಯರೂ ಅದೇ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಿದ್ದರು, ಬೈಗುಳ ನೇರವಾಗಿ ಕಿವಿಗೆ ಬೀಳುತ್ತಿತ್ತು. 1945ರ ನವೆಂಬರ್ 1ರಂದು ಚುನಾವಣೆ ನಡೆದಾಗ ಲೇಬರ್ ಪಕ್ಷ ದೇಶದ ತುಂಬ ಬಹಳ ಸ್ಥಾನ ಗೆದ್ದಿತು.

ಪ್ರಶ್ನೆ: ಶತ್ರು ಸೈನ್ಯವೇ ಊರಿಗೆ ಬಂದು ಕೂತರೆ ಕಚೇರಿಯಲ್ಲಿರುವವರು ಏನು ಮಾಡಬೇಕು? ಕೆಲಸ ಬಿಡಬೇಕಾ, ಮುಂದುವರಿಸಬೇಕಾ? ಬ್ರಿಟನ್ನಿನಲ್ಲಿ ಹಾಗೆ ಎಲ್ಲಾದರೂ ಆಗಿತ್ತಾ?

ಉತ್ತರ: ಆಗಿತ್ತು. ಫ್ರಾನ್ಸ್ ಕರಾವಳಿಗೆ ಹತ್ತಿರ ಇರುವ ಚಾನೆಲ್ ದ್ವೀಪಗಳಲ್ಲಿ. ಅವು ಬ್ರಿಟನ್ ದೊರೆಯ ಆಳ್ವಿಕೆಗೆ ಸೇರಿದವು, ಆದರೆ ಅವುಗಳ ಆಡಳಿತ ಅವುಗಳದ್ದೇ. 1940ರ ಜೂನ್ 30ರಂದು ಜರ್ಮನ್ನರು ಗರ್ನ್ಸಿಗೆ ಬಂದರು, ಮರುದಿನ ಜರ್ಸಿಗೆ. 1945ರ ಮೇ 9ರವರೆಗೆ ಅಲ್ಲೇ ಇದ್ದರು. ದ್ವೀಪದ ಅಧಿಕಾರಿಗಳು ತಮ್ಮ ಜಾಗದಲ್ಲೇ ಉಳಿದರು. ಜನರಿಗೆ ಬ್ರೆಡ್, ಹಾಲು, ಔಷಧಿ ಸಿಗಬೇಕಲ್ಲವಾ? ಗರ್ನ್ಸಿಯಲ್ಲಿ ಆಂಬ್ರೋಸ್ ಶೆರ್ವಿಲ್ ಮುಂದಾಳತ್ವದಲ್ಲಿ ನಿಯಂತ್ರಣ ಸಮಿತಿ ಮಾಡಿಕೊಂಡರು. ಜರ್ಸಿಯಲ್ಲಿ ಬೈಲಿಫ್ (ದ್ವೀಪದ ಮುಖ್ಯ ನ್ಯಾಯಾಧೀಶರೂ ಆಡಳಿತದ ಮುಖ್ಯಸ್ಥರೂ ಅವರೇ) ಅಲೆಕ್ಸಾಂಡರ್ ಕೂಟಾಂಚ್ ಇದ್ದರು. 1944ರ ಕೊನೆಗೆ ದ್ವೀಪಗಳು ಹಸಿವಿನ ಅಂಚಿಗೆ ಬಂದವು. ಡಿಸೆಂಬರ್ 27ರಂದು ರೆಡ್ ಕ್ರಾಸ್‌ನ ವೇಗಾ ಹಡಗು ಗರ್ನ್ಸಿಗೆ ಆಹಾರ ತಂದಿತು. ಅಲ್ಲಿಯವರೆಗೆ ಇದ್ದಷ್ಟನ್ನೇ ಹಂಚಿ ಜನರನ್ನು ಉಳಿಸಿದ್ದು ಸ್ಥಳೀಯ ಕಚೇರಿಗಳು. ಇದನ್ನು ಮರೆಯಬಾರದು.

ಇನ್ನೊಂದನ್ನೂ ಮರೆಯಬಾರದು. 1940ರ ಅಕ್ಟೋಬರ್‌ನಲ್ಲಿ ಯಹೂದಿಗಳು ಹೆಸರು ನೋಂದಾಯಿಸಬೇಕು ಎಂದು ಜರ್ಮನ್ನರು ಆಜ್ಞೆ ಮಾಡಿದರು. ದ್ವೀಪದ ನ್ಯಾಯಾಲಯಗಳು ಅದನ್ನು ದಾಖಲಿಸಿಕೊಂಡವು. ಗರ್ನ್ಸಿಯಲ್ಲಿ ಸರ್ ಅಬ್ರಹಾಂ ಲೈನೆ ಎಂಬ ಒಬ್ಬರು ಒಪ್ಪಲಾರೆ ಅಂದರು. ಹೆಸರು ಬರೆದುಕೊಂಡದ್ದು ಸ್ಥಳೀಯ ಅಧಿಕಾರಿಗಳೇ. 1942ರ ಏಪ್ರಿಲ್‌ನಲ್ಲಿ ಗರ್ನ್ಸಿಯಿಂದ ಮೂವರು ಹೆಂಗಸರನ್ನು ಫ್ರಾನ್ಸಿಗೆ ಸಾಗಿಸಿದರು: ತೆರೇಸ್ ಸ್ಟೈನರ್, ಆಗಸ್ಟ್ ಸ್ಪಿಟ್ಜ್, ಮರಿಯಾನ್ ಗ್ರುನ್‌ಫೆಲ್ಡ್. ಮೂವರೂ ಔಷ್ವಿಟ್ಜ್‌ನಲ್ಲಿ ಸತ್ತರು. ಅದೇ ವರ್ಷ ಸೆಪ್ಟೆಂಬರ್‌ನಿಂದ, ದ್ವೀಪದಲ್ಲಿ ಹುಟ್ಟದ ಬ್ರಿಟಿಷರೂ ಅವರ ಮನೆಯವರೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಜರ್ಮನಿಯ ಶಿಬಿರಗಳಿಗೆ ಕಳಿಸಿದರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಕೆಲಸ ಬಿಟ್ಟು ಹೋದರೆ ಜನ ಹಸಿವಿನಿಂದ ಸಾಯುತ್ತಾರೆ, ಆದ್ದರಿಂದ ಉಳಿಯಬೇಕು. ಆದರೆ ಬ್ರೆಡ್ ಹಂಚುವ ಪಟ್ಟಿ ಬೇರೆ, ಜನರನ್ನು ಜಾತಿ-ಮತ ನೋಡಿ ಬೇರೆ ಮಾಡುವ ಪಟ್ಟಿ ಬೇರೆ. ಎರಡನೆಯದು ಮೇಜಿನ ಮೇಲೆ ಬಂದ ದಿನ ಪೆನ್ನು ಕೆಳಗಿಡಬೇಕು. "ನಾನು ಸುಮ್ನೆ ಹೆಸರು ಬರೆದುಕೊಂಡೆ ಅಷ್ಟೇ" ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲ. ಲೈನೆ ಒಪ್ಪದೆ ಇದ್ದದ್ದರಿಂದ ಆಜ್ಞೆ ನಿಲ್ಲಲಿಲ್ಲ, ನಿಜ. ಎಲ್ಲರೂ ಅವರ ಜೊತೆ ನಿಂತಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಲಾರರು. ಆದರೂ ಬೇಡ ಅನ್ನುವುದು ಸಾಧ್ಯವಿತ್ತು ಎಂದು ಅವರೊಬ್ಬರು ತೋರಿಸಿದರು.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಈ ಹೊಸ ಕೆಲಸಗಳೆಲ್ಲ ತಕ್ಷಣ ನಿಂತವಾ?

ಉತ್ತರ: ಇಲ್ಲ, ವರ್ಷಗಟ್ಟಲೆ ಎಳೆಯಿತು. ಯುದ್ಧದ ಕಾಲದಲ್ಲಿ ರೇಷನ್ ಇಲ್ಲದಿದ್ದ ಬ್ರೆಡ್ಡಿಗೆ 1946ರಲ್ಲಿ ರೇಷನ್ ಬಂತು! ಕೊನೆಯದಾಗಿ ಮಾಂಸದ ರೇಷನ್ ಮುಗಿದದ್ದು 1954ರ ಜುಲೈನಲ್ಲಿ. ಕೌನ್ಸಿಲ್‌ಗಳು ಅಗ್ಗದ ಊಟಕ್ಕೆ ನಡೆಸುತ್ತಿದ್ದ ಬ್ರಿಟಿಷ್ ರೆಸ್ಟೋರೆಂಟ್‌ಗಳು 1943ರಲ್ಲಿ ಎರಡು ಸಾವಿರ ದಾಟಿದ್ದವು. 1947ರ ಕಾಯ್ದೆಯಿಂದಾಗಿ ಕೆಲವು ಊರುಗಳಲ್ಲಿ ಅವು ಮುಂದುವರಿದವು. ಗುರುತಿನ ಚೀಟಿ 1952ರವರೆಗೆ ಇತ್ತು. 1950ರಲ್ಲಿ ಕ್ಲಾರೆನ್ಸ್ ವಿಲ್ಕಾಕ್ ಎಂಬುವರು ಪೊಲೀಸರಿಗೆ ಚೀಟಿ ತೋರಿಸಲ್ಲ ಎಂದು ಹಟ ಹಿಡಿದು ಕೋರ್ಟ್ ಹತ್ತಿದರು. ಯುದ್ಧಕ್ಕೆಂದು ಮಾಡಿದ್ದನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದೀರಿ ಎಂದು ನ್ಯಾಯಾಧೀಶರೇ ಟೀಕಿಸಿದರು.

1939ರ ಆ ಪಟ್ಟಿ ಮಾತ್ರ ಉಳಿಯಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಅದನ್ನೇ ರೋಗಿಗಳ ದಾಖಲೆಗೆ ಬಳಸಿಕೊಂಡರು. 1991ರವರೆಗೂ ಅದರಲ್ಲಿ ತಿದ್ದುಪಡಿ ನಡೆಯುತ್ತಿತ್ತು. ಪುಟ ನೋಡಿದರೆ ಮದುವೆಯಾದ ಹೆಣ್ಣುಮಕ್ಕಳ ತವರಿನ ಮನೆತನದ ಹೆಸರು ಹೊಡೆದು, ಮೇಲೆ ಬೇರೆ ಬಣ್ಣದ ಶಾಯಿಯಲ್ಲಿ ಗಂಡನ ಮನೆತನದ ಹೆಸರು ಬರೆದಿರುವುದು ಕಾಣುತ್ತದೆ. 1931ರ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯ ಕಾಗದಗಳು 1942ರಲ್ಲಿ ಬೆಂಕಿಗೆ ಹೋದವು, 1941ರಲ್ಲಿ ಗಣತಿ ನಡೆಯಲೇ ಇಲ್ಲ. ಹಾಗಾಗಿ 1921ರ ಗಣತಿಯಿಂದ 1951ರ ಗಣತಿಯವರೆಗಿನ ಮೂವತ್ತು ವರ್ಷಗಳ ನಡುವೆ ಅಲ್ಲಿನ ಜನರ ಬಗ್ಗೆ ತಿಳಿಯಬೇಕಾದರೆ ಇರುವುದು ಇದೊಂದೇ ದೊಡ್ಡ ದಾಖಲೆ. ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇನ್ನೂ ಬದುಕಿರಬಹುದಾದವರ ಸಾಲುಗಳನ್ನು ಮಾತ್ರ ಮುಚ್ಚಿಟ್ಟಿದ್ದಾರೆ. ಮೊದಲ ಪ್ರಶ್ನೆ ಕೇಳಿದ ನಿವೃತ್ತ ಸರ್‌ಗೆ ನನ್ನ ಸಲಹೆ: ಯಾವುದಾದರೂ ಸಣ್ಣ ಊರಿನ ಒಂದು ಬೀದಿ ಆರಿಸಿಕೊಂಡು, ಕೆಲಸದ ಕಾಲಂ ಓದುತ್ತಾ ಹೋಗಿ. ಕೌನ್ಸಿಲ್ ಗುಮಾಸ್ತ, ರಸ್ತೆ ಕೆಲಸದವರು, ಕಸದ ಗಾಡಿಯವರು ನಿಮಗೆ ಅಲ್ಲೇ ಸಿಗುತ್ತಾರೆ. ಕೆಲವರ ಮುಂದೆ ವಾಯುದಾಳಿ ವಾರ್ಡನ್ ಎಂದು ಬರೆದಿರುವುದೂ ಕಾಣಿಸುತ್ತದೆ.